ಡೇಟನ್ ಮೊಕದ್ದಮೆ: ಪಾಠಪುಸ್ತಕದಲ್ಲಿ ಗೆದ್ದವರು ಯಾರು?

1925ರ ಮೇ ತಿಂಗಳ 5ನೇ ತಾರೀಕು. ಅಮೆರಿಕದ ದಕ್ಷಿಣ ಭಾಗದಲ್ಲಿರುವ ಟೆನೆಸೀ ರಾಜ್ಯದ ಡೇಟನ್ ಎಂಬ ಸಣ್ಣ ಊರು. ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟಿರಲಿಲ್ಲ. ಪೇಟೆ ಬೀದಿಯಲ್ಲಿ ರಾಬಿನ್‌ಸನ್ ಎಂಬುವರ ಔಷಧದಂಗಡಿ ಇತ್ತು. ಅಲ್ಲಿನ ರೂಢಿಯಂತೆ ಔಷಧದ ಜೊತೆಗೆ ಸೋಡಾ ಮಾರಾಟವೂ ನಡೆಯುತ್ತಿತ್ತು. ಕುಳಿತು ಮಾತಾಡಲು ಮೇಜು ಕುರ್ಚಿಗಳಿದ್ದವು. ಅಂದು ಆ ಮೇಜಿನ ಸುತ್ತ ಸೇರಿದ್ದ ಊರಿನ ಕೆಲವು ಗಣ್ಯರು, ಟೆನಿಸ್ ಆಡುತ್ತಿದ್ದ ಹೈಸ್ಕೂಲು ಮೇಷ್ಟ್ರು ಜಾನ್ ಸ್ಕೋಪ್ಸ್ ಅವರನ್ನು ಕರೆಸಿಕೊಂಡರು. ಮೇಷ್ಟ್ರಿಗೆ ಆಗ 24 ವರ್ಷ.

ವಿಕಾಸವಾದವನ್ನು ಹೇಳದೆ ಜೀವಶಾಸ್ತ್ರದ ಪಾಠ ಮಾಡಲು ಸಾಧ್ಯವೇ ಎಂದು ಅವರನ್ನು ಕೇಳಲಾಯಿತು. ಸಾಧ್ಯವಿಲ್ಲ ಎಂದ ಸ್ಕೋಪ್ಸ್, ಅದೇ ಅಂಗಡಿಯ ಕಪಾಟಿನಿಂದ ಒಂದು ಪುಸ್ತಕವನ್ನು ತೆಗೆದು ತೋರಿಸಿದರು. ಅದು ಜಾರ್ಜ್ ವಿಲಿಯಂ ಹಂಟರ್ 1914ರಲ್ಲಿ ಬರೆದ 'ಎ ಸಿವಿಕ್ ಬಯಾಲಜಿ'. ಟೆನೆಸೀ ಸರ್ಕಾರವೇ ತನ್ನ ಹೈಸ್ಕೂಲುಗಳಿಗೆ ಗೊತ್ತುಮಾಡಿದ್ದ ಪಠ್ಯಪುಸ್ತಕ. ಅದನ್ನು ಮಾರುತ್ತಿದ್ದ ಅಂಗಡಿಯ ಯಜಮಾನ ರಾಬಿನ್‌ಸನ್ ಸ್ಥಳೀಯ ಶಾಲಾ ಮಂಡಲಿಯ ಅಧ್ಯಕ್ಷರೂ ಆಗಿದ್ದರು. ಆದರೆ ಆರು ವಾರಗಳ ಹಿಂದೆ ಅದೇ ಸರ್ಕಾರ ಹೊಸದೊಂದು ಕಾನೂನು ತಂದಿತ್ತು. ಆ ಕಾನೂನಿನ ಪ್ರಕಾರ ಪುಸ್ತಕದ ಕೆಲವು ಪುಟಗಳನ್ನು ಪಾಠ ಮಾಡುವುದು ಅಪರಾಧ. ಸರ್ಕಾರ ಓದಿಸೆಂದ ಪುಸ್ತಕವನ್ನು ಓದಿಸಿದರೆ ಸರ್ಕಾರವೇ ದಂಡ ಹಾಕುವ ಪರಿಸ್ಥಿತಿ ಹೀಗೆ ಹುಟ್ಟಿಕೊಂಡಿತ್ತು.

ಮೊಕದ್ದಮೆಗೆ ಆರೋಪಿಯಾಗಿ ನಿಲ್ಲಲು ಸ್ಕೋಪ್ಸ್ ಒಪ್ಪಿದರು. ಎರಡು ತಿಂಗಳಲ್ಲಿ ಡೇಟನ್ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ರಾರಾಜಿಸಿತು. ವಿಜ್ಞಾನಕ್ಕೂ ಧರ್ಮಕ್ಕೂ ನಡೆದ ಮಹಾಯುದ್ಧವೆಂದು, ಅದರಲ್ಲಿ ವಿಜ್ಞಾನ ಗೆದ್ದಿತೆಂದು ಆ ಮೊಕದ್ದಮೆಯನ್ನು ಇಂದಿಗೂ ಹಲವರು ನೆನೆಯುತ್ತಾರೆ. ಆದರೆ ನ್ಯಾಯಾಲಯದ ಗದ್ದಲವನ್ನು ಬದಿಗಿಟ್ಟು ಮಕ್ಕಳ ಕೈಯಲ್ಲಿದ್ದ ಪುಸ್ತಕವನ್ನು ಬಿಡಿಸಿ ನೋಡಿದರೆ ಕಥೆ ಬೇರೆಯೇ ಆಗಿ ಕಾಣುತ್ತದೆ.

ಅರವತ್ತಾರು ವರ್ಷಗಳ ಹಿನ್ನೆಲೆ

ಚಾರ್ಲ್ಸ್ ಡಾರ್ವಿನ್ ಅವರ 'ಆರಿಜಿನ್ ಆಫ್ ಸ್ಪೀಸೀಸ್' ಪ್ರಕಟವಾದದ್ದು 1859ರ ನವೆಂಬರಿನಲ್ಲಿ. ಅದರ ಸಾರಾಂಶವನ್ನು ಸರಳವಾಗಿ ಹೀಗೆ ಹೇಳಬಹುದು: ಒಂದೇ ತಾಯಿಯ ಮರಿಗಳಲ್ಲೂ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಹುಟ್ಟುವ ಮರಿಗಳೆಲ್ಲ ಬದುಕಿ ಉಳಿಯುವುದಿಲ್ಲ. ಆಯಾ ಪರಿಸರಕ್ಕೆ ಅನುಕೂಲವಾದ ಗುಣವುಳ್ಳವು ಹೆಚ್ಚಾಗಿ ಉಳಿದು, ಆ ಗುಣವನ್ನು ತಮ್ಮ ಸಂತಾನಕ್ಕೆ ದಾಟಿಸುತ್ತವೆ. ಸಾವಿರಾರು ತಲೆಮಾರು ಕಳೆದಾಗ ಈ ಸಣ್ಣ ಬದಲಾವಣೆಗಳು ಕೂಡಿ ಹೊಸ ಪ್ರಭೇದಗಳೇ ಆಗುತ್ತವೆ. ಇದನ್ನೇ ಡಾರ್ವಿನ್ ನೈಸರ್ಗಿಕ ಆಯ್ಕೆ ಎಂದು ಕರೆದರು. ಮನುಷ್ಯನ ವಿಷಯವನ್ನು ಮೊದಲ ಪುಸ್ತಕದಲ್ಲಿ ಹೆಚ್ಚಾಗಿ ಎತ್ತದ ಅವರು 1871ರ 'ಡಿಸೆಂಟ್ ಆಫ್ ಮ್ಯಾನ್' ಕೃತಿಯಲ್ಲಿ ಅದನ್ನು ವಿಸ್ತಾರವಾಗಿ ಚರ್ಚಿಸಿದರು.

ಬೈಬಲ್‌ನ ಆದಿಕಾಂಡದಲ್ಲಿ ದೇವರು ಆರು ದಿನಗಳಲ್ಲಿ ಸೃಷ್ಟಿ ಕಾರ್ಯ ಮುಗಿಸಿ, ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದ ವೃತ್ತಾಂತವಿದೆ. ಆದ್ದರಿಂದ ಡಾರ್ವಿನ್ ಪುಸ್ತಕ ಬಂದೊಡನೆ ಕ್ರೈಸ್ತ ಧರ್ಮವೆಲ್ಲ ಒಂದಾಗಿ ಎದುರು ನಿಂತಿತೆಂದು ಭಾವಿಸುವುದು ಸಹಜ. ನಡೆದದ್ದು ಹಾಗಲ್ಲ. 1860ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬಿಷಪ್ ವಿಲ್ಬರ್‌ಫೋರ್ಸ್ ವಿಕಾಸವಾದವನ್ನು ಖಂಡಿಸಿದ್ದು, ಥಾಮಸ್ ಹಕ್ಸ್ಲಿ ಅವರಿಗೆ ಉತ್ತರ ಕೊಟ್ಟದ್ದು ನಿಜ. ಆದರೆ ಚಾರ್ಲ್ಸ್ ಕಿಂಗ್‌ಸ್ಲಿಯಂಥ ಪಾದ್ರಿಗಳು ಡಾರ್ವಿನ್ ಅವರನ್ನು ಸ್ವಾಗತಿಸಿದರು. ಅಮೆರಿಕದಲ್ಲಿ ಡಾರ್ವಿನ್ ಪರವಾಗಿ ಮೊದಲು ನಿಂತವರು ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ. ಅವರು ನಿಷ್ಠಾವಂತ ಕ್ರೈಸ್ತರು. ದೇವರು ಸೃಷ್ಟಿಸಿದ ಎಂಬುದು ನಂಬಿಕೆ, ಹೇಗೆ ಸೃಷ್ಟಿಯಾಯಿತು ಎಂಬುದು ವಿಜ್ಞಾನ ಎಂದು ಎರಡನ್ನೂ ಇಟ್ಟುಕೊಂಡವರ ಸಂಖ್ಯೆ ಆಗಲೂ ಸಣ್ಣದಾಗಿರಲಿಲ್ಲ.

ಹಾಗಾದರೆ 1920ರ ದಶಕದಲ್ಲಿ ಜಗಳ ಭುಗಿಲೆದ್ದದ್ದು ಏಕೆ? ಮುಖ್ಯ ಕಾರಣ, ವಿಕಾಸವಾದ ಪಂಡಿತರ ಮೇಜಿನಿಂದ ಇಳಿದು ರೈತರ ಮನೆಯ ಮಕ್ಕಳ ಪಾಟೀಚೀಲಕ್ಕೆ ಬಂದದ್ದು. 1890ರಲ್ಲಿ ಅಮೆರಿಕದ ಸರ್ಕಾರಿ ಹೈಸ್ಕೂಲುಗಳಲ್ಲಿ ಇದ್ದ ಮಕ್ಕಳು ಸುಮಾರು 2 ಲಕ್ಷ. 1920ರ ಹೊತ್ತಿಗೆ ಆ ಸಂಖ್ಯೆ ಸುಮಾರು 20 ಲಕ್ಷಕ್ಕೆ ಏರಿತ್ತು. ಅದುವರೆಗೆ ಮನೆಯಲ್ಲಿ ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತದಿದ್ದ ಕುಟುಂಬಗಳ ಮಕ್ಕಳು ಹಂಟರ್ ಪುಸ್ತಕ ಹಿಡಿದು ಸಂಜೆ ಮನೆಗೆ ಬಂದರು. ಭಾನುವಾರ ಚರ್ಚಿನಲ್ಲಿ ಕೇಳಿದ್ದೊಂದು, ಸೋಮವಾರ ಶಾಲೆಯಲ್ಲಿ ಕಲಿತದ್ದೊಂದು ಎಂದು ತಂದೆತಾಯಿಗಳಿಗೆ ತೋರಿತು. ಬೈಬಲ್‌ನ ಪ್ರತಿ ಅಕ್ಷರವೂ ಸತ್ಯವೆಂದು ಸಾರುವ ಮೂಲಭೂತವಾದಿ ಚಳವಳಿಯೂ ಅದೇ ಕಾಲಕ್ಕೆ ಬಲಗೊಂಡಿತು. 1910ರಿಂದ 1915ರವರೆಗೆ ಹೊರಬಂದ 'ದಿ ಫಂಡಮೆಂಟಲ್ಸ್' ಎಂಬ ಕಿರುಹೊತ್ತಗೆಗಳಿಂದಲೇ ಆ ಚಳವಳಿಗೆ ಹೆಸರು ಬಂದದ್ದು.

ಟೆನೆಸೀ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದ ಜಾನ್ ವಾಷಿಂಗ್ಟನ್ ಬಟ್ಲರ್ ಸ್ವತಃ ರೈತರು. ಬೈಬಲ್ ಹೇಳುವ ಸೃಷ್ಟಿಯ ವೃತ್ತಾಂತವನ್ನು ನಿರಾಕರಿಸಿ, ಮನುಷ್ಯ ಕೆಳವರ್ಗದ ಪ್ರಾಣಿಗಳಿಂದ ಬಂದನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸುವುದನ್ನು ಆ ಮಸೂದೆ ನಿಷೇಧಿಸಿತು. ಶಿಕ್ಷೆ 100ರಿಂದ 500 ಡಾಲರ್ ದಂಡ. ರಾಜ್ಯಪಾಲ ಆಸ್ಟಿನ್ ಪೀ 1925ರ ಮಾರ್ಚ್ 21ರಂದು ಸಹಿ ಹಾಕಿದರು. ಅವರು ವಿಜ್ಞಾನದ ವಿರೋಧಿಯಾಗಿರಲಿಲ್ಲ. ಹಳ್ಳಿಗಾಡಿನಲ್ಲಿ ಶಾಲೆಗಳನ್ನು ಹೆಚ್ಚಿಸುವ ದೊಡ್ಡ ಯೋಜನೆಯೊಂದು ಅವರ ಕೈಯಲ್ಲಿತ್ತು. ಅದಕ್ಕೆ ಗ್ರಾಮೀಣ ಶಾಸಕರ ಬೆಂಬಲ ಬೇಕಿತ್ತು. ಈ ಕಾನೂನನ್ನು ಯಾರೂ ಜಾರಿಗೆ ತರಲಾರರು ಎಂದೇ ಅವರು ನಂಬಿದ್ದರು.

ಆದರೆ ನಾಗರಿಕ ಸ್ವಾತಂತ್ರ್ಯಗಳ ಪರವಾಗಿ ಹೋರಾಡುತ್ತಿದ್ದ 'ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್' ಸುಮ್ಮನಿರಲಿಲ್ಲ. ಈ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಿದ್ಧರಿರುವ ಶಿಕ್ಷಕರಿಗೆ ನೆರವು ನೀಡುವುದಾಗಿ ಅದು ಪ್ರಕಟಿಸಿತು. ಅದನ್ನು ಪತ್ರಿಕೆಯಲ್ಲಿ ಕಂಡವರು ಡೇಟನ್‌ನ ಕಲ್ಲಿದ್ದಲು ಮತ್ತು ಕಬ್ಬಿಣದ ಕಂಪನಿಯೊಂದರ ವ್ಯವಸ್ಥಾಪಕ ಜಾರ್ಜ್ ರ್‍ಯಾಪಲ್‌ಯೇ. ಕಾನೂನು ಅವರಿಗೆ ಹಿಡಿಸಿರಲಿಲ್ಲ. ಜೊತೆಗೆ, ವ್ಯಾಪಾರ ಕುಸಿದಿದ್ದ ಊರಿಗೆ ಇಂಥದೊಂದು ಮೊಕದ್ದಮೆ ಬಂದರೆ ನಾಲ್ಕು ಕಾಸು ಹುಟ್ಟೀತೆಂಬ ಲೆಕ್ಕಾಚಾರವೂ ಊರಿನವರಿಗಿತ್ತು. ಔಷಧದಂಗಡಿಯ ಸಭೆ ನಡೆದದ್ದು ಹೀಗೆ. ಸ್ಕೋಪ್ಸ್ ಅಸಲಿಗೆ ಜೀವಶಾಸ್ತ್ರದ ಕಾಯಂ ಶಿಕ್ಷಕರೂ ಅಲ್ಲ. ಅವರು ಫುಟ್‌ಬಾಲ್ ತರಬೇತುದಾರ, ಜೀವಶಾಸ್ತ್ರದ ಮೇಷ್ಟ್ರು ರಜೆ ಹೋದಾಗ ಆ ತರಗತಿ ನೋಡಿಕೊಂಡವರು. ವಿಕಾಸವಾದದ ಪಾಠವನ್ನು ತಾವು ನಿಜಕ್ಕೂ ಮಾಡಿದ್ದೆವೇ ಎಂಬುದು ಅವರಿಗೇ ಖಚಿತವಿರಲಿಲ್ಲ.

ಬ್ರಯಾನ್ ಅವರ ಆತಂಕ

ಸರ್ಕಾರದ ಪರವಾಗಿ ವಾದಿಸಲು ಬಂದವರು ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. 1896, 1900 ಮತ್ತು 1908ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತವರು; ವುಡ್ರೋ ವಿಲ್ಸನ್ ಸರ್ಕಾರದಲ್ಲಿ ವಿದೇಶಾಂಗ ಸಚಿವರಾಗಿದ್ದು, ಅಮೆರಿಕ ಯುದ್ಧದತ್ತ ವಾಲುತ್ತಿದೆಯೆಂದು 1915ರಲ್ಲಿ ರಾಜೀನಾಮೆ ಕೊಟ್ಟವರು. ಸಾಲದಲ್ಲಿ ಮುಳುಗಿದ ರೈತರ ಪರ, ಮಹಿಳೆಯರ ಮತದಾನದ ಹಕ್ಕಿನ ಪರ ದನಿ ಎತ್ತಿದ ಜನನಾಯಕ. ನಂತರದ ನಾಟಕ, ಸಿನಿಮಾಗಳು ಚಿತ್ರಿಸಿದಂತೆ ಅವರು ಬರೀ ಹಠಮಾರಿ ಮುದುಕರಾಗಿರಲಿಲ್ಲ.

ವಿಕಾಸವಾದದ ಬಗ್ಗೆ ಅವರಿಗಿದ್ದ ಭಯಕ್ಕೆ ಎರಡು ಬೇರುಗಳಿದ್ದವು. ಒಂದು ಬೈಬಲ್. ಇನ್ನೊಂದು, ಬಲಶಾಲಿಯೇ ಬದುಕಬೇಕು ಎಂಬ ಮಾತನ್ನು ಸಮಾಜಕ್ಕೆ ಅನ್ವಯಿಸಿದರೆ ಬಡವರ, ದುರ್ಬಲರ ಗತಿಯೇನು ಎಂಬ ಪ್ರಶ್ನೆ. ಮೊದಲನೆಯ ಮಹಾಯುದ್ಧದ ರಕ್ತಪಾತದ ಹಿಂದೆ ಇಂಥ ಆಲೋಚನೆಯಿದೆ ಎಂದು ಅವರು ನಂಬಿದ್ದರು.

ಈ ಎರಡನೆಯ ಭಯ ಪೂರ್ತಿ ಆಧಾರವಿಲ್ಲದ್ದಾಗಿರಲಿಲ್ಲ. ಮೊಕದ್ದಮೆಯ ಕೇಂದ್ರದಲ್ಲಿದ್ದ ಹಂಟರ್ ಪುಸ್ತಕವನ್ನೇ ನೋಡಬಹುದು. ವಿಕಾಸವಾದದ ಪಾಠದ ಜೊತೆಗೆ ಅದರಲ್ಲಿ ಮನುಷ್ಯರನ್ನು ಐದು ಜನಾಂಗಗಳಾಗಿ ವಿಂಗಡಿಸಿ, ಬಿಳಿಯರನ್ನು ಎಲ್ಲಕ್ಕಿಂತ ಮೇಲೆ ಇಡಲಾಗಿತ್ತು. ಉತ್ತಮ ಸಂತಾನಕ್ಕಾಗಿ ಮನುಷ್ಯರನ್ನೂ ತಳಿಗಳಂತೆ ಆರಿಸಬೇಕೆನ್ನುವ 'ಯೂಜೆನಿಕ್ಸ್' ವಾದವಿತ್ತು. ಕೆಲವು ಬಡ ಕುಟುಂಬಗಳನ್ನು ಸಮಾಜದ ಪರಾವಲಂಬಿಗಳೆಂದು ಕರೆದು, ಅವರಿಗೆ ಮಕ್ಕಳಾಗದಂತೆ ತಡೆಯಬೇಕೆಂಬ ಮಾತೂ ಇತ್ತು. ಇವು ಡಾರ್ವಿನ್ ಸಿದ್ಧಾಂತದಿಂದ ಹೊರಡುವ ತೀರ್ಮಾನಗಳಲ್ಲ. ಇಂದಿನ ತಳಿವಿಜ್ಞಾನ ಅವನ್ನು ಸಂಪೂರ್ಣ ತಳ್ಳಿಹಾಕಿದೆ. ಆದರೆ ಅಂದು ಅವು ವಿಜ್ಞಾನದ ಹೆಸರಿನಲ್ಲೇ ಮಕ್ಕಳ ಪುಸ್ತಕದಲ್ಲಿದ್ದವು. ಸ್ಕೋಪ್ಸ್ ಪರ ವಕೀಲರಾಗಿದ್ದ ಕ್ಲಾರೆನ್ಸ್ ಡ್ಯಾರೋ ಅವರೇ ಮರುವರ್ಷ, 1926ರಲ್ಲಿ, ಯೂಜೆನಿಕ್ಸ್ ವಿರುದ್ಧ ಕಟುವಾದ ಲೇಖನ ಬರೆದರು. ಆದರೆ ನ್ಯಾಯಾಲಯದಲ್ಲಿ ಪುಸ್ತಕದ ಆ ಪುಟಗಳ ಮೇಲೆ ವಿಚಾರಣೆ ನಡೆಯಲಿಲ್ಲ. ಕಾನೂನು ನಿಷೇಧಿಸಿದ್ದದ್ದು ಅವನ್ನಲ್ಲ.

ಬ್ರಯಾನ್ ಅವರ ಇನ್ನೊಂದು ವಾದ ಪ್ರಜಾಪ್ರಭುತ್ವದ್ದು. ಶಾಲೆ ನಡೆಯುವುದು ಜನರ ತೆರಿಗೆಯಿಂದ; ಆದ್ದರಿಂದ ಅಲ್ಲಿ ಏನು ಕಲಿಸಬೇಕೆಂದು ಹೇಳುವ ಹಕ್ಕು ಜನರಿಗೇ ಇರಬೇಕು, ಬೆರಳೆಣಿಕೆಯ ವಿಜ್ಞಾನಿಗಳಿಗಲ್ಲ ಎಂಬುದು ಅದರ ತಿರುಳು. ಮೇಲುನೋಟಕ್ಕೆ ನ್ಯಾಯವೆನಿಸುವ ಈ ವಾದದಲ್ಲಿ ತೊಡಕೊಂದಿದೆ. ರಸ್ತೆ ಎಲ್ಲಿ ಹಾಯಬೇಕು ಎಂಬುದನ್ನು ಬಹುಮತದಿಂದ ತೀರ್ಮಾನಿಸಬಹುದು. ಭೂಮಿಯ ವಯಸ್ಸೆಷ್ಟು ಎಂಬುದನ್ನು ಕೈ ಎತ್ತಿಸಿ ತೀರ್ಮಾನಿಸಲಾಗದು.

ಎಂಟು ದಿನಗಳ ಜಾತ್ರೆ

1925ರ ಜುಲೈ 10ರಂದು ವಿಚಾರಣೆ ಆರಂಭವಾಯಿತು. ಡೇಟನ್‌ಗೆ ಜಾತ್ರೆಯ ಕಳೆ ಬಂತು. ತಿಂಡಿ ಅಂಗಡಿಗಳು, ಬೈಬಲ್ ಮಾರುವವರು, ಬೀದಿ ಪ್ರವಚನಕಾರರು, ಕೋಟು ಟೋಪಿ ತೊಡಿಸಿ ಕರೆತಂದ ಚಿಂಪಾಂಜಿ ಎಲ್ಲವೂ ಇದ್ದವು. ಷಿಕಾಗೋದ 'ಡಬ್ಲ್ಯೂಜಿಎನ್' ರೇಡಿಯೋ ಕೇಂದ್ರ ಕಲಾಪವನ್ನು ನೇರವಾಗಿ ಬಿತ್ತರಿಸಿತು. ಅಮೆರಿಕದಲ್ಲಿ ವಿಚಾರಣೆಯೊಂದು ಹಾಗೆ ಪ್ರಸಾರವಾದದ್ದು ಅದೇ ಮೊದಲು. ಬಾಲ್ಟಿಮೋರ್‌ನ ಪತ್ರಕರ್ತ ಎಚ್. ಎಲ್. ಮೆಂಕನ್ ಅವರ ಚುಚ್ಚು ಬರಹಗಳು ಹಳ್ಳಿಯ ಜನರನ್ನು ದೇಶದ ಮುಂದೆ ನಗೆಪಾಟಲಾಗಿಸಿದವು.

ಸ್ಕೋಪ್ಸ್ ಪರ ಡ್ಯಾರೋ, ಆರ್ಥರ್ ಗಾರ್‌ಫೀಲ್ಡ್ ಹೇಸ್, ಡಡ್ಲಿ ಫೀಲ್ಡ್ ಮೆಲೋನ್ ಮುಂತಾದ ವಕೀಲರಿದ್ದರು. ದೇಶದ ಹೆಸರಾಂತ ವಿಜ್ಞಾನಿಗಳನ್ನು ಸಾಕ್ಷಿಗಳಾಗಿ ಕರೆತಂದು ವಿಕಾಸವಾದದ ಪುರಾವೆಗಳನ್ನು ವಿವರಿಸುವುದು ಅವರ ಉದ್ದೇಶ. ಕಾನೂನು ಮುರಿಯಲಾಗಿದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ, ಸಿದ್ಧಾಂತ ಸರಿಯೋ ತಪ್ಪೋ ಎಂಬುದಲ್ಲ ಎಂದು ನ್ಯಾಯಾಧೀಶ ಜಾನ್ ರೌಲ್‌ಸ್ಟನ್ ಅದಕ್ಕೆ ಅವಕಾಶ ಕೊಡಲಿಲ್ಲ. ಪ್ರಾಣಿಶಾಸ್ತ್ರಜ್ಞ ಮೇನಾರ್ಡ್ ಮೆಟ್‌ಕಾಫ್ ಒಬ್ಬರು ಮಾತ್ರ, ಅದೂ ಜ್ಯೂರಿಯ ಗೈರುಹಾಜರಿಯಲ್ಲಿ, ಸಾಕ್ಷ್ಯ ನುಡಿದರು. ಉಳಿದವರ ಹೇಳಿಕೆಗಳು ಬರಹದ ರೂಪದಲ್ಲಿ ದಾಖಲೆಗೆ ಸೇರಿದವು.

ಆ ಹೇಳಿಕೆಗಳಲ್ಲೊಂದು ಸ್ವಾರಸ್ಯವಿದೆ. ಮನುಷ್ಯನ ಪೂರ್ವಜನೆಂದು ಇಂಗ್ಲೆಂಡಿನಲ್ಲಿ 1912ರಲ್ಲಿ ಸಾರಲಾಗಿದ್ದ ಪಿಲ್ಟ್‌ಡೌನ್ ತಲೆಬುರುಡೆಯ ಪ್ರಸ್ತಾಪ ಅವುಗಳಲ್ಲಿತ್ತು. ಅದು ಮೋಸವೆಂದು 1953ರಲ್ಲಿ ಬಯಲಾಯಿತು; ಬಯಲು ಮಾಡಿದವರೂ ವಿಜ್ಞಾನಿಗಳೇ. ಇನ್ನೊಂದೆಡೆ, ಡೇಟನ್ ವಿಚಾರಣೆಗೆ ಐದು ತಿಂಗಳ ಮೊದಲು ದಕ್ಷಿಣ ಆಫ್ರಿಕಾದಲ್ಲಿ ರೇಮಂಡ್ ಡಾರ್ಟ್ 'ಟೌಂಗ್ ಮಗು'ವಿನ ತಲೆಬುರುಡೆಯನ್ನು ಪ್ರಕಟಪಡಿಸಿದ್ದರು. ಆಗ ಬಹಳ ಮಂದಿ ವಿದ್ವಾಂಸರು ಅದನ್ನು ಕಡೆಗಣಿಸಿದರು. ಇಂದು ಮಾನವ ವಿಕಾಸದ ಅಧ್ಯಯನದಲ್ಲಿ ಅದಕ್ಕೆ ಹಿರಿಯ ಸ್ಥಾನವಿದೆ. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು ವಿಜ್ಞಾನದ ದೌರ್ಬಲ್ಯವಲ್ಲ, ಅದರ ಕ್ರಮ.

ಜುಲೈ 20ರಂದು, ಸೆಖೆ ಹಾಗೂ ಕಟ್ಟಡ ಜನರ ಭಾರ ತಡೆದೀತೇ ಎಂಬ ಅಳುಕಿನಿಂದ, ಕಲಾಪವನ್ನು ಹೊರಗಿನ ಹುಲ್ಲುಹಾಸಿಗೆ ವರ್ಗಾಯಿಸಲಾಯಿತು. ಅಲ್ಲಿ ಯಾರೂ ಎಣಿಸದ ಘಟನೆ ನಡೆಯಿತು. ಎದುರು ಪಕ್ಷದ ವಕೀಲರಾದ ಬ್ರಯಾನ್ ಅವರನ್ನೇ ಬೈಬಲ್ ಪರಿಣತರೆಂದು ಡ್ಯಾರೋ ಸಾಕ್ಷಿಯ ಕುರ್ಚಿಗೆ ಕರೆದರು. ಬ್ರಯಾನ್ ಒಪ್ಪಿ ಬಂದು ಕುಳಿತರು. ಯೋನನನ್ನು ಮೀನು ನುಂಗಿದ್ದು ನಿಜವೇ, ಯೆಹೋಶುವ ಸೂರ್ಯನನ್ನು ನಿಲ್ಲಿಸಿದನೇ, ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು ಎಂದು ಡ್ಯಾರೋ ಸುಮಾರು ಎರಡು ಗಂಟೆ ಕಾಲ ಪ್ರಶ್ನೆಗಳ ಮಳೆಗರೆದರು. ಸೃಷ್ಟಿಯ ಆರು ದಿನಗಳು ಇಪ್ಪತ್ನಾಲ್ಕು ಗಂಟೆಯ ದಿನಗಳೇ ಆಗಬೇಕಿಲ್ಲ, ದೀರ್ಘ ಯುಗಗಳಿರಬಹುದು ಎಂದು ಬ್ರಯಾನ್ ಒಪ್ಪಿಕೊಂಡಾಗ ಅವರ ಅನುಯಾಯಿಗಳೇ ಬೆರಗಾದರು. ಮಾತು ಮಾತಿಗೆ ಬೆಳೆದು ಇಬ್ಬರೂ ಎದ್ದು ನಿಂತು ಕೂಗಾಡಿದ ಮೇಲೆ ನ್ಯಾಯಾಧೀಶರು ಕಲಾಪ ಮುಂದೂಡಿದರು. ಮರುದಿನ ಆ ಸಾಕ್ಷ್ಯವನ್ನೆಲ್ಲ ಕಡತದಿಂದ ತೆಗೆದುಹಾಕಿದರು.

ಜುಲೈ 21ರಂದು, ತಮ್ಮ ಕಕ್ಷಿದಾರ ತಪ್ಪಿತಸ್ಥನೆಂದೇ ತೀರ್ಪು ಬರಲಿ ಎಂದು ಡ್ಯಾರೋ ಅವರೇ ಕೋರಿದರು. ಮೇಲಿನ ನ್ಯಾಯಾಲಯಕ್ಕೆ ಹೋಗಲು ಅದು ಅಗತ್ಯವಾಗಿತ್ತು. ಹೀಗೆ ಮಾಡಿದ್ದರಿಂದ ಬ್ರಯಾನ್ ಸಿದ್ಧಪಡಿಸಿದ್ದ ಮುಕ್ತಾಯದ ಭಾಷಣಕ್ಕೆ ಅವಕಾಶವೇ ಸಿಗಲಿಲ್ಲ. ಜ್ಯೂರಿ ಒಂಬತ್ತು ನಿಮಿಷಗಳಲ್ಲಿ ತೀರ್ಮಾನಿಸಿತು. ದಂಡ 100 ಡಾಲರ್. ಐದು ದಿನಗಳ ನಂತರ, ಜುಲೈ 26ರ ಭಾನುವಾರ ಮಧ್ಯಾಹ್ನ, ಬ್ರಯಾನ್ ಡೇಟನ್‌ನಲ್ಲೇ ನಿದ್ದೆಯಲ್ಲಿ ತೀರಿಕೊಂಡರು.

ಪುಸ್ತಕ ಸೋತ ಬಗೆ

ನಗರಗಳ ಪತ್ರಿಕೆಗಳು ಡ್ಯಾರೋ ಗೆದ್ದರೆಂದವು. ಆದರೆ ಕಾನೂನು ಉಳಿಯಿತು. 1927ರ ಜನವರಿಯಲ್ಲಿ ಟೆನೆಸೀ ಸುಪ್ರೀಂ ಕೋರ್ಟ್ ಬಟ್ಲರ್ ಕಾಯಿದೆ ಸಂವಿಧಾನಬದ್ಧವೆಂದೇ ಹೇಳಿತು. ಜೊತೆಗೆ, 50 ಡಾಲರಿಗಿಂತ ಹೆಚ್ಚಿನ ದಂಡವನ್ನು ಜ್ಯೂರಿಯೇ ವಿಧಿಸಬೇಕಿತ್ತು, ನ್ಯಾಯಾಧೀಶರು ವಿಧಿಸಿದ್ದು ತಪ್ಪು ಎಂಬ ತಾಂತ್ರಿಕ ಕಾರಣಕ್ಕೆ ಸ್ಕೋಪ್ಸ್ ಅವರ ಶಿಕ್ಷೆಯನ್ನು ರದ್ದುಪಡಿಸಿತು. ಶಿಕ್ಷೆಯೇ ಇಲ್ಲವಾದ ಮೇಲೆ ಮೇಲ್ಮನವಿಗೆ ದಾರಿಯಿಲ್ಲ. ದೇಶದ ಸುಪ್ರೀಂ ಕೋರ್ಟ್ ಮುಟ್ಟಬೇಕೆಂದು ಹೊರಟ ಮೊಕದ್ದಮೆ ಅಲ್ಲಿಗೇ ನಿಂತಿತು. ಸ್ಕೋಪ್ಸ್ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿ ತೈಲ ಕಂಪನಿಗಳಲ್ಲಿ ದುಡಿದರು; ಹೈಸ್ಕೂಲಿನ ಪಾಠಕ್ಕೆ ಮರಳಲಿಲ್ಲ.

1926ರಲ್ಲಿ ಮಿಸಿಸಿಪಿ ಇಂಥದೇ ಕಾನೂನು ತಂದಿತು. 1928ರಲ್ಲಿ ಅರ್ಕನ್ಸಾ ರಾಜ್ಯದ ಮತದಾರರು ನೇರ ಮತದಾನದಿಂದಲೇ ಅದನ್ನು ಜಾರಿಗೆ ತಂದರು. ಇದಕ್ಕಿಂತ ಮುಖ್ಯವಾದ ಬದಲಾವಣೆ ಸದ್ದಿಲ್ಲದೆ ನಡೆಯಿತು. ಪಠ್ಯಪುಸ್ತಕದ ಪ್ರಕಾಶಕರು ವ್ಯಾಪಾರಿಗಳು. ದಕ್ಷಿಣದ ರಾಜ್ಯಗಳಲ್ಲಿ ಪುಸ್ತಕ ಸರ್ಕಾರಿ ಸಮಿತಿಯ ಒಪ್ಪಿಗೆ ಪಡೆಯದಿದ್ದರೆ ಲಕ್ಷಾಂತರ ಪ್ರತಿಗಳ ಮಾರಾಟವೇ ತಪ್ಪಿಹೋಗುತ್ತದೆ. ಹೀಗಾಗಿ ಗೊಡವೆಯೇ ಬೇಡವೆಂದು ಹಲವರು ಪುಟಗಳನ್ನು ತಾವೇ ತಿದ್ದಿಕೊಂಡರು. ಹಂಟರ್ ಪುಸ್ತಕದ 1926ರ ಹೊಸ ಆವೃತ್ತಿಯಲ್ಲಿ ವಿಕಾಸ ಎಂಬ ಪದವೇ ಬಹುಮಟ್ಟಿಗೆ ಮಾಯವಾಗಿತ್ತು. ಎಲ್ಲ ಪುಸ್ತಕಗಳಲ್ಲೂ ಒಂದೇ ರೀತಿ ಆಯಿತೆನ್ನಲಾಗದು. ಆದರೆ ಮುಂದಿನ ಮೂರು ದಶಕಗಳ ಕಾಲ ಅಮೆರಿಕದ ಎಷ್ಟೋ ಹೈಸ್ಕೂಲು ಪುಸ್ತಕಗಳಲ್ಲಿ ವಿಕಾಸವಾದ ಒಂದೋ ಕೊನೆಯ ಅಧ್ಯಾಯಕ್ಕೆ ಜಾರಿತು, ಇಲ್ಲವೇ ಹೆಸರಿಲ್ಲದೆ ಎರಡು ಸಾಲಿಗೆ ಇಳಿಯಿತು. ಯಾವ ಶಿಕ್ಷಕರ ಮೇಲೂ ಮೊಕದ್ದಮೆ ಹೂಡುವ ಅಗತ್ಯ ಬೀಳಲಿಲ್ಲ.

1955ರಲ್ಲಿ ಡೇಟನ್ ಪ್ರಸಂಗವನ್ನಾಧರಿಸಿದ 'ಇನ್‌ಹೆರಿಟ್ ದಿ ವಿಂಡ್' ನಾಟಕ, 1960ರಲ್ಲಿ ಅದರ ಸಿನಿಮಾ ಬಂದು ಜನಪ್ರಿಯವಾದವು. ವಿಚಾರ ಸ್ವಾತಂತ್ರ್ಯದ ಗೆಲುವನ್ನು ಜನ ರಂಗದ ಮೇಲೆ, ಪರದೆಯ ಮೇಲೆ ನೋಡಿ ಚಪ್ಪಾಳೆ ತಟ್ಟುತ್ತಿದ್ದಾಗ ಟೆನೆಸೀಯಲ್ಲಿ ಬಟ್ಲರ್ ಕಾಯಿದೆ ಇನ್ನೂ ಜೀವಂತವಾಗಿತ್ತು.

ಆಕಾಶದಿಂದ ಬಂದ ಎಚ್ಚರಿಕೆ

1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ವಿಜ್ಞಾನ ಶಿಕ್ಷಣದಲ್ಲಿ ತಾನು ಹಿಂದೆ ಬಿದ್ದೆನೆಂಬ ದಿಗಿಲು ಅಮೆರಿಕವನ್ನು ಹಿಡಿಯಿತು. ಮರುವರ್ಷ ಜೀವಶಾಸ್ತ್ರದ ಪಠ್ಯಕ್ರಮ ರೂಪಿಸಲು ಕೇಂದ್ರ ಸರ್ಕಾರದ ಹಣದಿಂದ ಸಂಸ್ಥೆಯೊಂದು ಆರಂಭವಾಗಿ, 1960ರ ದಶಕದಲ್ಲಿ ವಿಜ್ಞಾನಿಗಳೇ ಕುಳಿತು ಬರೆದ ಪುಸ್ತಕಗಳು ಹೊರಬಂದವು. ವಿಕಾಸವಾದ ಮತ್ತೆ ಪುಸ್ತಕದ ನಡುಮನೆಗೆ ಬಂತು.

ಆಗ ಹಳೆಯ ಕಾನೂನುಗಳು ಕಾಲಿಗೆ ತೊಡರತೊಡಗಿದವು. ಟೆನೆಸೀ 1967ರಲ್ಲಿ ಬಟ್ಲರ್ ಕಾಯಿದೆಯನ್ನು ರದ್ದುಪಡಿಸಿತು. ಅರ್ಕನ್ಸಾದಲ್ಲಿ ಸೂಸನ್ ಎಪರ್‌ಸನ್ ಎಂಬ ಶಿಕ್ಷಕಿ, ಹೊಸ ಪುಸ್ತಕ ಪಾಠ ಮಾಡಿದರೆ ಅಪರಾಧ, ಮಾಡದಿದ್ದರೆ ಕರ್ತವ್ಯಲೋಪ ಎಂಬ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ನ್ಯಾಯಾಲಯಕ್ಕೆ ಹೋದರು. ಸ್ಕೋಪ್ಸ್ ಕಾಲದಲ್ಲಿ ಇಲ್ಲದ ಆಸರೆಯೊಂದು ಈಗ ಇತ್ತು. ಸರ್ಕಾರ ಯಾವುದೇ ಮತವನ್ನು ಪೋಷಿಸುವಂತಿಲ್ಲ ಎಂಬ ಅಮೆರಿಕ ಸಂವಿಧಾನದ ನಿಯಮ ರಾಜ್ಯ ಸರ್ಕಾರಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1947ರಲ್ಲಿ ಸ್ಪಷ್ಟಪಡಿಸಿತ್ತು. ಅದರ ಆಧಾರದಲ್ಲಿ 1968ರ ನವೆಂಬರಿನಲ್ಲಿ ಅರ್ಕನ್ಸಾ ಕಾನೂನನ್ನು ಅದು ತಳ್ಳಿಹಾಕಿತು. ಸ್ಕೋಪ್ಸ್ 1970ರಲ್ಲಿ ನಿಧನರಾಗುವ ಮೊದಲು ಈ ತೀರ್ಪನ್ನು ಕಂಡರು.

ಅಲ್ಲಿಗೆ ವಿವಾದ ಮುಗಿಯಲಿಲ್ಲ, ವೇಷ ಬದಲಿಸಿತು. ನೋಹನ ಕಾಲದ ಜಲಪ್ರಳಯವೇ ಭೂಮಿಯ ಪದರಗಳಿಗೆಲ್ಲ ಕಾರಣ ಎಂದು ವಾದಿಸುವ 'ದಿ ಜೆನಿಸಿಸ್ ಫ್ಲಡ್' ಎಂಬ ಪುಸ್ತಕ 1961ರಲ್ಲೇ ಬಂದಿತ್ತು. ವಿಕಾಸವಾದವನ್ನು ನಿಷೇಧಿಸಲಾಗದಿದ್ದರೆ, 'ಸೃಷ್ಟಿ ವಿಜ್ಞಾನ'ಕ್ಕೂ ಸಮಾನ ಸಮಯ ಕೊಡಿ ಎಂಬುದು ಹೊಸ ಬೇಡಿಕೆಯಾಯಿತು. 1981ರಲ್ಲಿ ಅರ್ಕನ್ಸಾ ಅಂಥ ಕಾನೂನು ಮಾಡಿತು. ಅದರ ವಿರುದ್ಧ ದಾವೆ ಹೂಡಿದವರು ಯಾರೆಂಬುದು ಗಮನಾರ್ಹ. ಮೊದಲ ಅರ್ಜಿದಾರರು ಮೆಥಡಿಸ್ಟ್ ಪಾದ್ರಿ ವಿಲಿಯಂ ಮೆಕ್ಲೀನ್. ಅವರೊಂದಿಗೆ ಕ್ಯಾಥೊಲಿಕ್, ಎಪಿಸ್ಕೋಪಲ್ ಮತ್ತಿತರ ಚರ್ಚುಗಳ ಬಿಷಪ್‌ಗಳಿದ್ದರು. ದೇವರ ಮಾತನ್ನು ವಿಜ್ಞಾನದ ಪರೀಕ್ಷೆಗೆ ಒಡ್ಡುವುದು ಧರ್ಮಕ್ಕೂ ಒಳ್ಳೆಯದಲ್ಲ, ಒಂದು ಪಂಗಡದ ವ್ಯಾಖ್ಯಾನವನ್ನು ಸರ್ಕಾರ ಎಲ್ಲ ಮಕ್ಕಳ ಮೇಲೆ ಹೇರಬಾರದು ಎಂಬುದು ಅಂಥವರ ನಿಲುವು. 1982ರ ಜನವರಿ 5ರಂದು ನ್ಯಾಯಾಧೀಶ ವಿಲಿಯಂ ಓವರ್‌ಟನ್ ಕಾನೂನನ್ನು ರದ್ದುಪಡಿಸಿದರು. ವಿಜ್ಞಾನದ ಹೇಳಿಕೆಯೆಂದರೆ ಅದನ್ನು ಪರೀಕ್ಷಿಸಲು ಸಾಧ್ಯವಿರಬೇಕು, ತಪ್ಪೆಂದು ಕಂಡರೆ ಕೈಬಿಡಲು ಸಿದ್ಧವಿರಬೇಕು ಎಂದು ಅವರು ವಿವರಿಸಿದರು. ಲೂಯಿಸಿಯಾನಾದ ಇಂಥದೇ ಕಾನೂನನ್ನು ಸುಪ್ರೀಂ ಕೋರ್ಟ್ 1987ರಲ್ಲಿ 7-2ರ ಬಹುಮತದಿಂದ ತಳ್ಳಿಹಾಕಿತು. ಆ ಮೊಕದ್ದಮೆಯಲ್ಲಿ 72 ಮಂದಿ ನೊಬೆಲ್ ಪುರಸ್ಕೃತರು ವಿಕಾಸವಾದದ ಪಾಠದ ಪರವಾಗಿ ಸಹಿ ಹಾಕಿದ್ದರು.

ಒಂದು ಪದ, ಒಂದು ಅಚ್ಚಿನ ತಪ್ಪು

ಮೂರನೆಯ ಅಂಕ ನಡೆದದ್ದು ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ. ಅಲ್ಲಿನ ಶಾಲಾ ಮಂಡಲಿ 2004ರಲ್ಲಿ, ವಿಕಾಸವಾದ ಕೇವಲ ಒಂದು ಥಿಯರಿ, ಅದರಲ್ಲಿ ಕೊರತೆಗಳಿವೆ, ಜೀವಿಗಳ ಹಿಂದೆ 'ಬುದ್ಧಿವಂತ ವಿನ್ಯಾಸ' ಇರಬಹುದೆನ್ನುವ ಪುಸ್ತಕ ಗ್ರಂಥಾಲಯದಲ್ಲಿದೆ ಎಂಬರ್ಥದ ಹೇಳಿಕೆಯನ್ನು ಒಂಬತ್ತನೇ ತರಗತಿಯಲ್ಲಿ ಓದಿ ಹೇಳಬೇಕೆಂದು ವಿಧಿಸಿತು. ಥಿಯರಿ ಎಂದರೆ ಊರ ಕಟ್ಟೆಯ ಮಾತಿನಲ್ಲಿ ಊಹೆ, ವಿಜ್ಞಾನದಲ್ಲಿ ಹಾಗಲ್ಲ. ಅಲ್ಲಿ ಅದು ಹಲವು ಪುರಾವೆಗಳನ್ನು ಒಟ್ಟಿಗೆ ವಿವರಿಸಬಲ್ಲ, ಪರೀಕ್ಷೆಗೆ ನಿಂತ ಸಿದ್ಧಾಂತ. ವಿಜ್ಞಾನದ ಶಿಕ್ಷಕರು ಆ ಹೇಳಿಕೆಯನ್ನು ಓದಲು ನಿರಾಕರಿಸಿದರು. ಹನ್ನೊಂದು ಮಂದಿ ಪೋಷಕರು ನ್ಯಾಯಾಲಯಕ್ಕೆ ಹೋದರು.

ಇಲ್ಲಿಯೂ ಮುಖ್ಯ ಸಾಕ್ಷಿಯಾದದ್ದು ಒಂದು ಪುಸ್ತಕವೇ: 1989ರಲ್ಲಿ ಬಂದ 'ಆಫ್ ಪಾಂಡಾಸ್ ಅಂಡ್ ಪೀಪಲ್'. ಅದರ ಹಸ್ತಪ್ರತಿಗಳನ್ನು ತತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಒಂದೊಂದಾಗಿ ಪರಿಶೀಲಿಸಿದರು. 1987ರ ಸುಪ್ರೀಂ ಕೋರ್ಟ್ ತೀರ್ಪಿಗೆ ಮೊದಲಿನ ಪ್ರತಿಗಳಲ್ಲಿ 'ಸೃಷ್ಟಿವಾದಿಗಳು' ಎಂದಿದ್ದ ಕಡೆಗಳಲ್ಲಿ ತೀರ್ಪಿನ ನಂತರ 'ವಿನ್ಯಾಸದ ಪ್ರತಿಪಾದಕರು' ಎಂದು ಬದಲಿಸಲಾಗಿತ್ತು. ಒಂದು ಕಡೆ ಹಳೆಯ ಪದವನ್ನು ಪೂರ್ತಿ ಅಳಿಸದೆ ಹೊಸದನ್ನು ಅದರ ನಡುವೆಯೇ ತುರುಕಿದ್ದರಿಂದ, ಎರಡೂ ಬೆರೆತ ಅರ್ಥವಿಲ್ಲದ ಪದವೊಂದು ಉಳಿದುಬಿಟ್ಟಿತ್ತು. ವಾದದ ಮೂಲ ಯಾವುದೆಂದು ಅದೇ ಹೇಳಿತು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪಿನಲ್ಲಿ, 'ಬುದ್ಧಿವಂತ ವಿನ್ಯಾಸ' ವಿಜ್ಞಾನವಲ್ಲ, ಮತೀಯ ನಂಬಿಕೆ ಎಂದರು. ಅವರು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್ ಅವರಿಂದ ನೇಮಕಗೊಂಡಿದ್ದ ನ್ಯಾಯಾಧೀಶರು. ತೀರ್ಪಿಗೆ ಮೊದಲೇ, ನವೆಂಬರ್ ಚುನಾವಣೆಯಲ್ಲಿ, ಡೋವರ್‌ನ ಮತದಾರರು ಶಾಲಾ ಮಂಡಲಿಯ ಎಂಟು ಸದಸ್ಯರನ್ನು ಸೋಲಿಸಿದ್ದರು.

ಈ ಎಂಬತ್ತು ವರ್ಷಗಳಲ್ಲಿ ಪುರಾವೆಗಳೂ ಬೆಳೆದಿದ್ದವು. 1925ರಲ್ಲಿ ಆನುವಂಶಿಕ ಗುಣಗಳನ್ನು ಹೊರುವ ವಸ್ತು ಯಾವುದೆಂಬುದೇ ತಿಳಿದಿರಲಿಲ್ಲ. 1953ರಲ್ಲಿ ಡಿಎನ್‌ಎ ರಚನೆ ತಿಳಿಯಿತು. ಚಿಂಪಾಂಜಿಗೆ 24 ಜೊತೆ ವರ್ಣತಂತುಗಳು, ಮನುಷ್ಯನಿಗೆ 23. ಇಬ್ಬರಿಗೂ ಪೂರ್ವಜರು ಒಂದೇ ಆಗಿದ್ದರೆ ಒಂದು ಜೊತೆ ಎಲ್ಲಿ ಹೋಯಿತು? ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದು ಮನುಷ್ಯನ ಎರಡನೇ ವರ್ಣತಂತು ಆದದ್ದರ ಗುರುತು ಆ ಬೆಸುಗೆಯ ಜಾಗದಲ್ಲಿ ಇಂದಿಗೂ ಓದಲು ಸಿಗುತ್ತದೆ. ಇತ್ತ, ಮನುಷ್ಯ ದೇಹದ ವಿಕಾಸದ ಸಂಶೋಧನೆಗೆ ಧರ್ಮ ಅಡ್ಡಿಯಲ್ಲವೆಂದು 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಹೇಳಿದ್ದರು. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ಅದು ಬರೀ ಊಹೆಯಲ್ಲ ಎಂದು ಒಪ್ಪಿದರು.

ನಮ್ಮ ಪುಸ್ತಕಗಳಲ್ಲಿ

ಡೇಟನ್ ಕಥೆಯನ್ನು ದೂರದ ಊರಿನದೆಂದು ಮರೆಯುವಂತಿಲ್ಲ. 2018ರ ಜನವರಿಯಲ್ಲಿ ಕೇಂದ್ರದ ಅಂದಿನ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಕಪಿ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು, ಅದನ್ನು ಪಠ್ಯದಲ್ಲಿ ಬದಲಿಸಬೇಕು ಎಂದರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಇಂದಿನ ಕಪಿಯಿಂದ ಮನುಷ್ಯ ಹುಟ್ಟಿದನೆಂದು ವಿಕಾಸವಾದ ಹೇಳುವುದೇ ಇಲ್ಲ; ಇಬ್ಬರಿಗೂ ಬಹುಕಾಲದ ಹಿಂದೆ ಒಂದೇ ಪೂರ್ವಜ ಇದ್ದ ಎನ್ನುತ್ತದೆ, ಅಷ್ಟೆ.

ಆ ಮಾತಿಗೆ ದೇಶವೆಲ್ಲ ಸದ್ದೆದ್ದಿತು, ಪಠ್ಯ ಬದಲಾಗಲಿಲ್ಲ. ಆದರೆ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದ 'ಆನುವಂಶಿಕತೆ ಮತ್ತು ವಿಕಾಸ' ಎಂಬ ಅಧ್ಯಾಯ 'ಆನುವಂಶಿಕತೆ' ಎಂದಷ್ಟೇ ಉಳಿಯಿತು. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ಇಳಿಸಲು ಕೈಬಿಟ್ಟದ್ದು ಪುಸ್ತಕದಿಂದಲೇ ಹೋಯಿತು. ಅದಕ್ಕೆ ಕೊಟ್ಟ ಕಾರಣ ಧರ್ಮವಲ್ಲ, ಪಠ್ಯದ ಭಾರ. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಇದೆ ಎಂಬ ಸಮಾಧಾನವೂ ಇತ್ತು. ಆದರೆ ಹತ್ತನೆಯ ತರಗತಿಯ ನಂತರ ವಾಣಿಜ್ಯ, ಕಲೆ ಇಲ್ಲವೇ ಐಟಿಐ ಹಿಡಿಯುವ ಮಕ್ಕಳಿಗೆ ಹನ್ನೆರಡನೆಯ ತರಗತಿಯ ಜೀವಶಾಸ್ತ್ರ ಎಲ್ಲಿಂದ ಬಂತು? 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದ್ದು ಈ ಕಾರಣಕ್ಕೆ.

ಕಾರಣಗಳು ಬೇರೆಯಾದರೂ ಫಲ ಒಂದೇ. ನ್ಯಾಯಾಲಯದ ವಾಗ್ಯುದ್ಧ, ಸಚಿವರ ಹೇಳಿಕೆ ಎಲ್ಲರ ಕಣ್ಣಿಗೆ ಬೀಳುತ್ತವೆ. ಅವಕ್ಕೆ ಉತ್ತರ ಕೊಡುವವರೂ ಇರುತ್ತಾರೆ. ಹೊಸ ಆವೃತ್ತಿಯಲ್ಲಿ ಒಂದು ಅಧ್ಯಾಯ ಕಡಿಮೆಯಾದರೆ, ಅದನ್ನು ಓದುವ ಮಗುವಿಗೆ ಏನು ಇಲ್ಲವೆಂಬುದೇ ತಿಳಿಯುವುದಿಲ್ಲ. ಡೇಟನ್‌ನ ಮಕ್ಕಳಿಗೂ ತಿಳಿದಿರಲಿಲ್ಲ. ನೂರು ವರ್ಷಗಳ ಹಿಂದೆ ಆ ಔಷಧದಂಗಡಿಯ ಕಪಾಟಿನಲ್ಲಿದ್ದ ಪುಸ್ತಕದಲ್ಲಿ ತೆಗೆಯಬೇಕಾದದ್ದೂ ಇತ್ತು, ಉಳಿಸಿಕೊಳ್ಳಬೇಕಾದದ್ದೂ ಇತ್ತು. ಎರಡನ್ನೂ ಪರೀಕ್ಷಿಸಿ ಬೇರ್ಪಡಿಸುವ ಕೆಲಸವನ್ನು ಬಹುಮತವೂ ಮಾಡಲಿಲ್ಲ, ಮಾರುಕಟ್ಟೆಯೂ ಮಾಡಲಿಲ್ಲ. ನಿಧಾನವಾಗಿಯಾದರೂ ಮಾಡಿದ್ದು ವಿಜ್ಞಾನ; ಅದಕ್ಕೆ ಕಾವಲಾಗಿ ನಿಂತವರು ಒಬ್ಬ ಶಿಕ್ಷಕಿ, ಒಬ್ಬ ಪಾದ್ರಿ, ಹನ್ನೊಂದು ಮಂದಿ ತಂದೆತಾಯಿಗಳು.